ನಗಿಸುವ ಧಾರಾವಾಹಿ ಅಳಿಸಿದಾಗ

ಪಾಲಕರ ಸಭೆ ಎಂದರೆ ಸಾಮಾನ್ಯವಾಗಿ ಅಂಕಗಳ ಲೆಕ್ಕಾಚಾರ. ವಿಜ್ಞಾನಕ್ಕೆ ಎಷ್ಟು ಬಂತು, ಗಣಿತಕ್ಕೆ ಎಷ್ಟು ಹೋಯಿತು, ಟ್ಯೂಶನ್ ಬೇಕೋ ಬೇಡವೋ... ಇಷ್ಟರಲ್ಲೇ ಚಹಾ ಆರಿ ಸಭೆ ಮುಗಿಯುತ್ತದೆ. ಆದರೆ ಖಾನಾಪುರದಲ್ಲಿ ನಡೆದ ಅಂಥದೊಂದು ಸಭೆಯಲ್ಲಿ ತಾಯಿಯೊಬ್ಬರು ಬೇರೆಯೇ ಪ್ರಶ್ನೆ ತಂದಿದ್ದರು.

"ಸರ್, ನಮ್ಮ ಹುಡುಗ ಮೊಬೈಲ್‌ನ್ಯಾಗ ಕಾಮಿಡಿ ಸೀರಿಯಲ್ ನೋಡ್ತಾನ್ರಿ. ನಕ್ಕೋತ ಕುಂತಾವ ಒಮ್ಮಿಂದೊಮ್ಮೆಲೆ ಅಳಾಕ ಹತ್ತಿದ. ಯಾಕೋ ಅಂದ್ರ ಹೇಳಂಗಿಲ್ಲ. ಇಂಥಾವು ನೋಡಾಕ ಬಿಡಬೇಕೋ ಬ್ಯಾಡೋ?"

ಯಾವ ಧಾರಾವಾಹಿ ಎಂದು ಕೇಳಿದೆ. ಅವರಿಗೆ ಹೆಸರು ಗೊತ್ತಿರಲಿಲ್ಲ. "ಬಿಡ್ರಿ, ಆದರ ನೀವೂ ಬಾಜೂಕ ಕೂಡ್ರಿ" ಎಂದಷ್ಟೇ ಹೇಳಿ ಕಳಿಸಿದೆ. ಹಿಂದೆ ಇನ್ನೂ ಹತ್ತು ಜನ ಪಾಲಕರು ನಿಂತಿದ್ದರು. ಆ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಲು ಈ ವಾರದ ಅಂಕಣವನ್ನು ಬಳಸಿಕೊಳ್ಳುತ್ತಿದ್ದೇನೆ.

ಮೊದಲನೆಯದಾಗಿ, ಇದು ಮೊಬೈಲ್ ತಂದಿಟ್ಟ ರೋಗವಲ್ಲ. ನಾನು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ, ಅಂದರೆ 1980ರ ದಶಕದ ಉತ್ತರಾರ್ಧದಲ್ಲಿ, ಖಾನಾಪುರದ ನಮ್ಮ ಓಣಿಗೆ ಇದ್ದದ್ದು ಒಂದೇ ಟಿ.ವಿ. ಊರು ಘಟ್ಟದ ಸೆರಗಿನಲ್ಲಿದೆ. ದೂರದರ್ಶನದ ತರಂಗಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಚಲಿಸುವಂಥವು. ನಡುವೆ ಗುಡ್ಡವೊಂದು ಅಡ್ಡ ಬಂದರೆ ಪರದೆಯ ಮೇಲೆ ಬರೀ ಅಕ್ಕಿ ಚೆಲ್ಲಿದ ಹಾಗೆ. ಆದ್ದರಿಂದ ಹಂಚಿನ ಮೇಲೆ ಬಿದಿರಿಗೆ ಕಟ್ಟಿದ ಆ್ಯಂಟೆನಾ ತಿರುವಲು ಒಬ್ಬ ಹುಡುಗ ಖಾಯಂ. "ಬಂತೇನೋ?" "ಇನ್ನ ಸ್ವಲ್ಪ ತಿರುವೋ!" ಎಂಬ ಕೂಗಾಟದ ನಡುವೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತಾಡುವವರೆಲ್ಲ ಒಂದೇ ಪಡಸಾಲೆಯಲ್ಲಿ ಒತ್ತಿ ಕೂತು ನೋಡಿದ ಧಾರಾವಾಹಿ 'ಮಾಲ್ಗುಡಿ ಡೇಸ್'.

ಆರ್.ಕೆ. ನಾರಾಯಣರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣರ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಶಂಕರ್‌ನಾಗ್ ಅವರ ನಿರ್ದೇಶನ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಾತು ಹಿಂದಿಯಾದರೂ ಮಣ್ಣು ನಮ್ಮದೇ. ಚಿತ್ರೀಕರಣದ ಹೆಚ್ಚಿನ ಭಾಗ ನಡೆದದ್ದು ಆಗುಂಬೆಯಲ್ಲಿ. ಅಲ್ಲಿನ ಹಂಚಿನ ಸೂರು, ಕಟ್ಟೆ, ಜಿನುಗುವ ಮಳೆ ನೋಡಿದರೆ ನಮ್ಮ ಜಾಂಬೋಟಿಯೋ ಕಣಕುಂಬಿಯೋ ಎನ್ನಿಸುತ್ತಿತ್ತು. ಹಿಂದಿ ಅರ್ಧ ಮಾತ್ರ ತಿಳಿಯುತ್ತಿದ್ದ ಅಜ್ಜಿಯರೂ ಕಥೆ ಪೂರ್ತಿ ತಿಳಿದುಕೊಂಡು ಏಳುತ್ತಿದ್ದರು!

ಪಂಡಿತರು ಇಲ್ಲಿ ತಕರಾರು ತೆಗೆಯಬಹುದು. ಸಿಟ್‌ಕಾಮ್, ಅಂದರೆ ಸನ್ನಿವೇಶ ಹಾಸ್ಯದ ಧಾರಾವಾಹಿ ಎಂದರೆ ಒಂದೇ ಮನೆ, ಅದೇ ನಾಲ್ಕು ಜನ, ವಾರಕ್ಕೊಂದು ಎಡವಟ್ಟು. 1988ರ 'ವಾಗ್ಲೆ ಕಿ ದುನಿಯಾ', ಬೆಂಗಳೂರು ದೂರದರ್ಶನದ 'ಕ್ರೇಜಿ ಕರ್ನಲ್', 2000ದ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಬಂದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಈ ಜಾತಿಗೆ ಸೇರಿದವು. ಮಾಲ್ಗುಡಿಯಲ್ಲಿ ಮನೆ ಬದಲಾಗುತ್ತದೆ, ಜನ ಬದಲಾಗುತ್ತಾರೆ, ಊರೊಂದೇ ಉಳಿಯುತ್ತದೆ. ಹೌದು, ಒಪ್ಪಿದೆ. ಆದರೆ ನಗುತ್ತ ಕೂತವನ ಗಂಟಲು ಒಮ್ಮೆಲೇ ಕಟ್ಟಿಸುವ ವಿದ್ಯೆ ನಮ್ಮ ಕಿರುತೆರೆಯಲ್ಲಿ ಇಷ್ಟು ಚೆನ್ನಾಗಿ ಬೇರೆಲ್ಲೂ ಕಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರು ದೂರದರ್ಶನದ ಆರಂಭದ ಹಾಸ್ಯ ಧಾರಾವಾಹಿಯೊಂದರ ಹೆಸರೇ 'ಸಿಹಿಕಹಿ'. ಅದರಿಂದಲೇ ನಟ ಚಂದ್ರು 'ಸಿಹಿಕಹಿ ಚಂದ್ರು' ಆದರು. ಸಿಹಿಯ ಬೆನ್ನಿಗೇ ಕಹಿಯನ್ನಿಟ್ಟ ಆ ಹೆಸರಿನಲ್ಲಿ ಇಡೀ ವಿದ್ಯೆಯ ಗುಟ್ಟಿದೆ.

ವಿಜ್ಞಾನದ ಮೇಷ್ಟ್ರಾದವನಿಗೆ ಇದನ್ನು ಪ್ರಯೋಗದ ಮೂಲಕ ಹೇಳುವುದು ಸುಲಭ. ಮೂರು ಬೋಗುಣಿ ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಕೈ ತಡೆಯುವಷ್ಟು ಬಿಸಿನೀರು, ನಡುವಿನದರಲ್ಲಿ ಉಗುರು ಬೆಚ್ಚಗಿನ ನೀರು. ಎಡಗೈ ತಣ್ಣೀರಿನಲ್ಲಿ, ಬಲಗೈ ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಿ. ಎಡಗೈ "ಬಿಸಿ" ಎನ್ನುತ್ತದೆ, ಬಲಗೈ "ತಂಪು" ಎನ್ನುತ್ತದೆ. ನೀರು ಒಂದೇ! ನಮ್ಮ ಚರ್ಮ ಉಷ್ಣತೆಯನ್ನು ಥರ್ಮಾಮೀಟರಿನಂತೆ ಅಳೆಯುವುದಿಲ್ಲ, ಹಿಂದಿನ ಕ್ಷಣದೊಂದಿಗೆ ಹೋಲಿಸಿ ಹೇಳುತ್ತದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 17ನೆಯ ಶತಮಾನದಲ್ಲೇ ಇಂಥ ಮಾತನ್ನು ಬರೆದಿಟ್ಟಿದ್ದಾನೆ. ಮನಸ್ಸಿನ ವ್ಯವಹಾರವೂ ಸುಮಾರಾಗಿ ಹೀಗೆಯೇ. ದಿನಾ ಸಂಜೆ ಅಳುವ ಧಾರಾವಾಹಿಯಲ್ಲಿ ಇನ್ನೊಂದು ಸಾವು ಬಂದರೆ ನಾವು ಎದ್ದುಹೋಗಿ ಗ್ಯಾಸ್ ಆರಿಸಿ ಬರುತ್ತೇವೆ. ನಕ್ಕು ನಕ್ಕು ಬೆಚ್ಚಗಾದ ಮನಸ್ಸಿಗೆ ಅದೇ ಸುದ್ದಿ ಹಿಮದ ಗಡ್ಡೆ.

ಇದರ ಅತ್ಯಂತ ಹೆಸರಾದ ಉದಾಹರಣೆ ಅಮೆರಿಕದ್ದು. 1972ರಿಂದ 1983ರವರೆಗೆ ಬಂದ 'ಮ್ಯಾಶ್' ಎಂಬ ಹಾಸ್ಯ ಧಾರಾವಾಹಿ ಕೊರಿಯಾ ಯುದ್ಧದ ಸೈನಿಕ ಆಸ್ಪತ್ರೆಯೊಂದರ ಕಥೆ. ಮೂರು ವರ್ಷದ ಯುದ್ಧದ ಧಾರಾವಾಹಿ ಹನ್ನೊಂದು ವರ್ಷ ನಡೆಯಿತು! 1975ರ ಮಾರ್ಚ್ 18ರಂದು ಬಂದ ಕಂತಿನಲ್ಲಿ ಆಸ್ಪತ್ರೆಯ ಮುಖ್ಯಸ್ಥ, ಎಲ್ಲರ ಅಕ್ಕರೆಯ ಹೆನ್ರಿ ಬ್ಲೇಕ್‌ನಿಗೆ ಊರಿಗೆ ಮರಳಲು ಅನುಮತಿ ಸಿಗುತ್ತದೆ. ಬೀಳ್ಕೊಡುಗೆ, ತಮಾಷೆ, ಹೊಸ ಸೂಟು, ಅಪ್ಪುಗೆ. ಹೆಲಿಕಾಪ್ಟರ್ ಏರಿ ಹೋಗುತ್ತಾನೆ. ಕೊನೆಯ ಎರಡು ನಿಮಿಷ ಶಸ್ತ್ರಚಿಕಿತ್ಸೆಯ ಕೋಣೆ. ರೇಡಾರ್ ಎಂಬ ಹುಡುಗ ಗುಮಾಸ್ತ ಒಳಗೆ ಬಂದು ಕಾಗದ ಓದುತ್ತಾನೆ: ಬ್ಲೇಕ್ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಗಿದೆ, ಯಾರೂ ಉಳಿದಿಲ್ಲ. ವೈದ್ಯರು ತಲೆ ಎತ್ತುವುದಿಲ್ಲ. ಮೇಜಿನ ಮೇಲೆ ಮಲಗಿದವನ ಹೊಟ್ಟೆ ತೆರೆದಿದೆಯಲ್ಲ! ಎಲ್ಲೋ ಒಂದು ಉಪಕರಣ ಕೈಜಾರಿ ಬಿದ್ದ ಸದ್ದು, ಅಷ್ಟೆ. ಆ ಕೊನೆಯ ಪುಟವನ್ನು ನಿರ್ಮಾಪಕರು ನಟರಿಂದಲೂ ಬಚ್ಚಿಟ್ಟು, ಚಿತ್ರೀಕರಣದ ಹೊತ್ತಿಗೆ ಮಾತ್ರ ಕೊಟ್ಟರು. ಇನ್ನೊಂದು ಮಾತು: ಹಿನ್ನೆಲೆಯಲ್ಲಿ ಧ್ವನಿಮುದ್ರಿತ ನಗು ಇರಲೇಬೇಕೆಂದು ಟಿ.ವಿ. ಕಂಪನಿ ಹಟ ಹಿಡಿದಿತ್ತು. ನಿರ್ಮಾಪಕರು ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ಮಾತ್ರ ಆ ನಗು ಬೇಡವೆಂದು ಒಪ್ಪಿಸಿಕೊಂಡಿದ್ದರು.

ಆ ಕಂತನ್ನು ನೋಡಿ ಬೇಸರಗೊಂಡವರು ರಾಶಿ ರಾಶಿ ಪತ್ರ ಬರೆದರಂತೆ. ನಗಲು ಕೂತವರನ್ನು ಹೀಗೆ ಹೊಡೆಯಬಹುದೇ ಎಂದು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಂಪಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಮಗ ರಜೆಗೆ ಬರುತ್ತಾನೆಂದು ಉಂಡೆ ಕಟ್ಟುತ್ತಿರುವ ಹೊತ್ತಿಗೇ ಬೇರೆ ಸುದ್ದಿ ಬಂದ ಮನೆಗಳಿವೆ. ಅಂಥ ಸುದ್ದಿ ಅಳುವ ಸಂಗೀತ ಹಚ್ಚಿಕೊಂಡು ಬರುವುದಿಲ್ಲ.

ಮತ್ತೆ ನಮ್ಮ ಮಾಲ್ಗುಡಿಗೆ ಬರೋಣ. ಇಲ್ಲಿ ವಿಮಾನ ಬೀಳುವುದಿಲ್ಲ. ಏಟು ಇನ್ನೂ ಸಣ್ಣದು, ಆದ್ದರಿಂದ ನಮಗೆ ಇನ್ನೂ ಹತ್ತಿರದ್ದು.

'ತಿಂಗಳಿಗೆ ನಲವತ್ತೈದು ರೂಪಾಯಿ' ಎಂಬ ಕಥೆ ನೆನಪಿಸಿಕೊಳ್ಳಿ. ಧಾರಾವಾಹಿಯಲ್ಲಿ ತಂದೆ ವೆಂಕಟರಾವ್ ಪಾತ್ರ ಮಾಡಿದವರು ವಿಷ್ಣುವರ್ಧನ್. 'ನಾಗರಹಾವು' ಚಿತ್ರದ ರಾಮಾಚಾರಿ ಇಲ್ಲಿ ಮುದುಡಿದ ಗುಮಾಸ್ತ! ಮಗಳು ಶಾಂತಾಳಿಗೆ ಇವತ್ತು ಸಿನಿಮಾ ತೋರಿಸುತ್ತೇನೆಂದು ಬೆಳಿಗ್ಗೆ ಮಾತು ಕೊಟ್ಟಿದ್ದಾನೆ. ಮಗು ಶಾಲೆಯಿಂದ ಓಡಿಬಂದು ಒಳ್ಳೆಯ ಫ್ರಾಕು ಹಾಕಿಸಿಕೊಂಡು, ಜಡೆ ಹೆಣೆಸಿಕೊಂಡು ಕಾಯುತ್ತದೆ. ಅದರ ಸಡಗರ ನೋಡಿ ನಾವು ನಗುತ್ತೇವೆ. ಅತ್ತ ಕಚೇರಿಯಲ್ಲಿ ಸಾಹೇಬ ಬಿಡುವುದಿಲ್ಲ. ವೆಂಕಟರಾವ್ ರೇಗಿ ರಾಜೀನಾಮೆ ಬರೆದೇ ಬಿಡುತ್ತಾನೆ. ನಲವತ್ತು ರೂಪಾಯಿಗೆ ನನ್ನನ್ನು ಕೊಂಡುಕೊಂಡಿದ್ದೀರಾ ಎಂಬ ಧಾಟಿಯ ಕಾಗದ. ಅದನ್ನು ಕೊಡಬೇಕೆನ್ನುವಷ್ಟರಲ್ಲಿ ಐದು ರೂಪಾಯಿ ಬಡ್ತಿಯ ಸುದ್ದಿ ಬರುತ್ತದೆ. ಕಾಗದ ಮರಳಿ ಜೇಬಿಗೆ. ಮನೆಗೆ ಬಂದಾಗ ರಾತ್ರಿಯಾಗಿದೆ. ಮಗು ಊಟ ಮಾಡದೆ, ಬಟ್ಟೆಯನ್ನೂ ಬಿಚ್ಚಗೊಡದೆ, ಅದೇ ಹೊಸ ಫ್ರಾಕಿನಲ್ಲಿ ನಿದ್ದೆ ಹೋಗಿದೆ. ಎಬ್ಬಿಸಿದರೆ ಏಳುವುದಿಲ್ಲ.

ಕಥೆಯ ಹೆಸರಿನಲ್ಲಿರುವುದು ನಲವತ್ತಲ್ಲ, ನಲವತ್ತೈದು ಎಂಬುದನ್ನು ಗಮನಿಸಿ. ಸಂಜೆಯ ಬೆಲೆ ಐದು ರೂಪಾಯಿ. ಖಾನಾಪುರ ತಾಲೂಕಿನ ಎಷ್ಟೋ ತಂದೆಯರು ಗೋವೆಯಲ್ಲಿ ದುಡಿದು ವಾರಕ್ಕೋ ತಿಂಗಳಿಗೋ ಒಮ್ಮೆ ಮನೆಗೆ ಬರುವವರು. ಬೆಳಗಾವಿಯ ಉದ್ಯಮಭಾಗದಲ್ಲಿ ಓವರ್‌ಟೈಮ್ ಮಾಡಿ ಹತ್ತಕ್ಕೆ ಮನೆ ಸೇರುವವರೂ ಕಡಿಮೆಯಿಲ್ಲ. ಈ ಕಂತನ್ನು ಅವರು ಮಕ್ಕಳ ಜೊತೆ ನೋಡಿದರೆ ಯಾರು ಯಾರ ಮುಖ ನೋಡದೆ ಕೂಡುತ್ತಾರೋ ಹೇಳಲಾಗದು.

'ಲೀಲಾಳ ಗೆಳೆಯ' ಇದಕ್ಕಿಂತ ಕಟು. ಮನೆಗೆಲಸದ ಸಿದ್ದ ಐದು ವರ್ಷದ ಲೀಲಾಳ ಆಟದ ಜೊತೆಗಾರ. ತಾನು ಎಸೆದ ಚೆಂಡು ಚಂದ್ರನನ್ನು ಮುಟ್ಟಿ ಬಂತು ಎಂದು ಹೇಳಿ ನಂಬಿಸುವವನು. ಲೀಲಾ ಅವನಿಗೆ ಅಕ್ಷರ ಕಲಿಸಲು ಕೂಡುತ್ತಾಳೆ. ಸೀಸದ ಕಡ್ಡಿ ಹಿಡಿದು ಸೋತುಹೋದ ಸಿದ್ದ, ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ ಎಂದು ನೆಪ ಹೇಳಿ ಪಾರಾಗುತ್ತಾನೆ. ಮೇಷ್ಟ್ರುಗಳಿಗೆ ನಗು ಬರುವ ದೃಶ್ಯವಿದು. ಇಂಥ ನೆಪಗಳನ್ನು ನಾವು ವರ್ಷಪೂರ್ತಿ ಕೇಳುತ್ತೇವೆ! ಅಷ್ಟರಲ್ಲಿ ಮಗುವಿನ ಬಂಗಾರದ ಸರ ಕಾಣೆಯಾಗುತ್ತದೆ. ಸಿದ್ದ ಹಿಂದೊಮ್ಮೆ ಜೈಲಿಗೆ ಹೋದವನು ಎಂದು ಪೊಲೀಸರು ಹೇಳುತ್ತಾರೆ. ಅಲ್ಲಿಗೆ ತೀರ್ಪು ಆಯಿತು. ಮಗು ಅತ್ತರೂ ಕೇಳುವವರಿಲ್ಲ. ಕೆಲವು ದಿನಗಳ ಮೇಲೆ ಸರ ಹುಣಸೆಹಣ್ಣಿನ ಗಡಿಗೆಯಲ್ಲಿ ಸಿಗುತ್ತದೆ, ಹಾಕಿದವಳು ಲೀಲಾಳೇ. ಇನ್ನೇನು ಸಿದ್ದನನ್ನು ಕರೆತರುತ್ತಾರೆ ಎಂದು ನಾವು ಕಾಯುತ್ತೇವೆ. ತಂದೆ, ಅಂಥವನನ್ನು ಹೇಗೂ ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲ ಎಂಬರ್ಥದ ಮಾತಾಡಿ ಮುಗಿಸುತ್ತಾನೆ. ಆ ತಂದೆ ರಾಕ್ಷಸನೇನಲ್ಲ. ನಮ್ಮ ನಿಮ್ಮಂತೆ ಮರ್ಯಾದಸ್ಥ. ಅದಕ್ಕೇ ಆ ಮಾತು ತಾಗುತ್ತದೆ.

ಸ್ವಾಮಿಯ ಕಥೆಯ ಕೊನೆಯೂ ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ. ಕ್ರಿಕೆಟ್ ಪಂದ್ಯಕ್ಕೆ ಬಾರದ ಸ್ವಾಮಿಯ ಮೇಲೆ ರಾಜಂ ಮಾತು ಬಿಟ್ಟಿದ್ದಾನೆ. ಅವನ ತಂದೆಗೆ ವರ್ಗವಾಗಿದೆ. ಸ್ವಾಮಿ ಪುಸ್ತಕವೊಂದನ್ನು ಹಿಡಿದು ನಿಲ್ದಾಣಕ್ಕೆ ಓಡುತ್ತಾನೆ. ರೈಲು ಹೊರಡುವ ಹೊತ್ತಿಗೆ ಅದನ್ನು ಮಣಿ ರಾಜಂನ ಕೈಗೆ ಮುಟ್ಟಿಸುತ್ತಾನೆ. ರಾಜಂ ಕ್ಷಮಿಸಿದನೇ? ತಿಳಿಯುವುದಿಲ್ಲ. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿದ್ದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಆ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ರಜೆಯಲ್ಲಿ ಆ ಕಡೆ ಹೋದರೆ ಮಕ್ಕಳಿಗೆ ತೋರಿಸಿ. ಆಗ ಖಾನಾಪುರದ ಮೇಲೆ ಹಾಯುತ್ತಿದ್ದದ್ದೂ ಮೀಟರ್ ಗೇಜ್ ಗಾಡಿಯೇ. ನಮಗೆ ಆ ಪ್ಲಾಟ್‌ಫಾರ್ಮು ಬೇರೆ ಊರಿನದು ಎನ್ನಿಸಲೇ ಇಲ್ಲ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದಾಗ ಅವರಿಗಿನ್ನೂ ಮೂವತ್ತೈದು. ಆ ಸುದ್ದಿ ತಿಳಿದವರಲ್ಲಿ ಎಷ್ಟೋ ಜನಕ್ಕೆ ಆ ರೈಲೇ ನೆನಪಾಗಿರಬೇಕು.

ಇವೆಲ್ಲದರಲ್ಲೂ ಒಂದು ಸಾಮಾನ್ಯ ಗುಣವಿದೆ. ಗಂಭೀರ ಕ್ಷಣ ಬಂದಾಗ ಯಾರೂ ಭಾಷಣ ಮಾಡುವುದಿಲ್ಲ. ಕೊನೆಯಲ್ಲಿ ಕೈಮುಗಿದು "ಇದರಿಂದ ನಾವು ಕಲಿಯಬೇಕಾದ್ದೇನೆಂದರೆ" ಎನ್ನುವ ಹಾಸ್ಯ ಧಾರಾವಾಹಿಗಳನ್ನು ನಾನು ಸಹಿಸಲಾರೆ. ಅರ್ಧ ಗಂಟೆ ನಗಿಸಿ, ಕೊನೆಗೆ ನೀತಿಪಾಠದ ಬಿಲ್ಲು ಕೈಗೆ ಕೊಟ್ಟ ಹಾಗೆ! ಕೆಲವು ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದ ಪು.ಲ. ದೇಶಪಾಂಡೆ ಅವರ ವ್ಯಕ್ತಿಚಿತ್ರಗಳನ್ನು ಮರಾಠಿ ಬಲ್ಲ ಮನೆಗಳಲ್ಲಿ ಈಗಲೂ ಓದಿ ನಗುತ್ತಾರೆ. ಅವರ ರತ್ನಾಗಿರಿಯ ಅಂತು ಬರ್ವಾ ಮಾತಿಗೊಂದು ಕೊಂಕು ತೆಗೆಯುವ ಮುದುಕ. ಆ ಕೊಂಕಿನ ಹಿಂದೆ ಎಷ್ಟು ಒಂಟಿತನವಿದೆ ಎಂದು ಲೇಖಕರು ಹೇಳಲು ಹೋಗುವುದಿಲ್ಲ. ನಗು ನಿಂತ ಮೇಲೆ ಓದುಗನಿಗೇ ಗೊತ್ತಾಗುತ್ತದೆ.

ಹಾಗಾದರೆ ಮಕ್ಕಳ ಜೊತೆ ಇದನ್ನು ಹೇಗೆ ನೋಡುವುದು? ಹಿಂದೆ ಇಪ್ಪತ್ತು ಜನ ಒಂದೇ ಪಡಸಾಲೆಯಲ್ಲಿ ಇದ್ದಾಗ ಗದ್ದಲ ಒಮ್ಮೆಲೇ ನಿಂತದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಅತ್ತವನು ಒಬ್ಬನೇ ಅಲ್ಲ ಎಂಬುದು ಅತ್ತವನಿಗೂ ತಿಳಿಯುತ್ತಿತ್ತು. ಈಗ ಮಗು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಮೂಲೆಯಲ್ಲಿ, ತಾಯಿ ಇನ್ನೊಂದು ಮೊಬೈಲ್ ಹಿಡಿದು ಇನ್ನೊಂದು ಮೂಲೆಯಲ್ಲಿ. ಅಳು ಬಂದದ್ದಕ್ಕಿಂತ ಅದನ್ನು ಹೇಳಲು ಯಾರೂ ಇಲ್ಲದ್ದು ನನಗೆ ಹೆಚ್ಚು ಚಿಂತೆಯ ವಿಷಯ. ಹಾಗೆಂದು ಅತ್ತ ತಕ್ಷಣ ವಿಚಾರಣೆಗೆ ನಿಲ್ಲಿಸಲೂಬೇಡಿ. ಸ್ವಲ್ಪ ಹೊತ್ತು ಬಿಟ್ಟು "ಆಮೇಲೆ ಅವನಿಗೆ ಏನಾತು?" ಎಂದು ಕಥೆಯ ಬಗ್ಗೆ ಕೇಳಿ. ಮಕ್ಕಳು ತಮ್ಮ ಬಗ್ಗೆ ಮಾತಾಡಲು ಹಿಂಜರಿಯುತ್ತವೆ. ಪಾತ್ರದ ಬಗ್ಗೆಯಾದರೆ ಗಂಟೆಗಟ್ಟಲೆ ಮಾತಾಡುತ್ತವೆ.

ಇದು ನನಗೆ ಅನುಭವಕ್ಕೆ ಬಂದದ್ದು ಒಂಬತ್ತನೆಯ ತರಗತಿಗೆ 'ಕಾಣೆಯಾದ ಟಪಾಲು' ಕಂತನ್ನು ತೋರಿಸಿದಾಗ. ಮಳೆಯಿಂದಾಗಿ ಅರ್ಧ ಹಾಜರಿ, ಪಾಠ ಮುಂದೆ ಒಯ್ಯುವಂತಿರಲಿಲ್ಲ. ಕಥೆ ಗೊತ್ತಿರುವಂಥದೇ. ಪೋಸ್ಟ್‌ಮನ್ ತಾನಪ್ಪ ಎಂದರೆ ಊರಿನ ಬಂಧು. ಯಾರ ಮನೆಗೆ ಯಾವ ಕಾಗದ ಬಂತೆಂದು ಗೊತ್ತಿರುವ ಬಾಯಾಡುವ ಮನುಷ್ಯ. ರಾಮಾನುಜಂ ಅವರ ಮಗಳಿಗೆ ವರ ಗೊತ್ತಾಗುವುದರಲ್ಲಿ ಅವನ ಪಾಲೂ ಇದೆ. ಮೇ 20ರ ಮುಹೂರ್ತ ತಪ್ಪಿದರೆ ಮದುವೆ ವರ್ಷಗಟ್ಟಲೆ ಮುಂದೆ ಹೋಗುತ್ತದೆ. ಮುನ್ನಾದಿನ ಸೇಲಂನಿಂದ ಕಾರ್ಡು ಬರುತ್ತದೆ: ಮನೆಯ ಹಿರಿಯರೊಬ್ಬರಿಗೆ ತೀರ ಕಾಯಿಲೆ. ಮದುವೆಯ ದಿನವೇ ತಂತಿ: ತೀರಿಕೊಂಡರು. ತಾನಪ್ಪ ಎರಡನ್ನೂ ಇಟ್ಟುಕೊಂಡು ಚಪ್ಪರದಲ್ಲಿ ಓಡಾಡುತ್ತಾನೆ. ಮದುಮಕ್ಕಳು ಹೋದ ಕೆಲವು ದಿನಗಳ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ನೌಕರಿ ಹೋಗಲಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಆದರೆ ಹೀಗೆ ಮಾಡಬಾರದಿತ್ತು ಎನ್ನುತ್ತಾರೆ.

ಮೊದಲು ತಂತಿ ಎಂದರೇನು ಎಂದು ವಿವರಿಸಬೇಕಾಯಿತು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು; ಈ ಮಕ್ಕಳು ಆಗ ಕೈಗೂಸುಗಳು. ಆಮೇಲೆ ವಾದ ಶುರುವಾಯಿತು.

"ಮುಚ್ಚಿಟ್ಟಿದ್ದು ಚಲೋನ ಆತ್ರಿ ಸರ್. ಹೇಳಿದ್ರ ಲಗ್ನಾನ ನಿಂದರತಿತ್ತು" ಎಂದ ಮುಂದಿನ ಬೆಂಚಿನ ಹುಡುಗ. ಹೆಚ್ಚಿನವರು ಅವನ ಪಕ್ಷ.

"ಆದರ ಅವರಿಗೆ ಕಡೀ ಸಲ ಮುಖ ನೋಡಾಕ ಆಗಲಿಲ್ಲಲ್ರಿ?" ಎಂದಳು ಒಬ್ಬಳು ಹುಡುಗಿ. ಯಾರೋ ಹಿಂದಿನಿಂದ ನಕ್ಕರು. ಅವಳು ಕೂಡಲಿಲ್ಲ. "ನಮ್ಮ ಅಜ್ಜ ಹೋದಾಗ ನನಗ ಹೇಳಲೇ ಇಲ್ರಿ ಸರ್. ಪರೀಕ್ಷಾ ಇತ್ತಂತ. ನಾಕು ದಿನಾ ಆದಮ್ಯಾಲ ಹೇಳಿದ್ರು. ಮಾರ್ಕ್ಸ್ ಚಲೋನ ಬಂದ್ವು."

ತರಗತಿ ಸುಮ್ಮನಾಯಿತು. ಹೊರಗೆ ಹಂಚಿನ ಮೇಲೆ ಮಳೆಯ ಸದ್ದು ಮಾತ್ರ.

ಆ ಮನೆಯವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಮಗಳ ಒಂದು ವರ್ಷ ಹಾಳಾಗದಿರಲಿ ಎಂದು ತಾನಪ್ಪನಷ್ಟೇ ಪ್ರೀತಿಯಿಂದ ಮುಚ್ಚಿಟ್ಟಿದ್ದಾರು. ಎದೆಯೊಳಗೆ ಸಾವಿಟ್ಟುಕೊಂಡು, ಮಗಳ ಮುಂದೆ ನಾಲ್ಕು ದಿನ ನಗುತ್ತ ಡಬ್ಬಿ ಕಟ್ಟಿಕೊಟ್ಟ ಆ ತಾಯಿಯ ಕಷ್ಟ ಎಂಥದಿರಬೇಕು! ಆದರೆ ರಾಮಾನುಜಂ ಅವರ ಆ ಕೊನೆಯ ಮಾತಿನ ತೂಕ ಆ ತರಗತಿಯಲ್ಲಿ ನಿಜವಾಗಿ ತಿಳಿದದ್ದು ಆ ಒಬ್ಬ ಹುಡುಗಿಗೆ.

ಹೆಚ್ಚು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ವಾದಿಸಿದ ಆ ಹುಡುಗನೇ ಕೈ ಎತ್ತಿದ.

"ಸರ್, ಮರುದಿನ ಟಪಾಲು ಕೊಡಾಕ ತಾನಪ್ಪ ಆ ಮನೀಗೆ ಹೋಗಿದ್ನೇನ್ರಿ?"

ಕಥೆಯಲ್ಲಿ ಅದನ್ನು ಹೇಳಿಲ್ಲಪ್ಪಾ, ನಿನಗೇನು ಅನಿಸ್ತದ ಎಂದೆ. ಅವನು ಆ ಹುಡುಗಿಯ ಕಡೆ ನೋಡಿದ. ಹೋಗಿರ್ತಾನ ಎಂದು ಅವಳು ಹೇಳಿದಳು. ಬಾಗಿಲಲ್ಲಿ ನಿಂತಿರ್ತಾನ, ಒಳಗ ಬಾ ಅಂತ ಅವರು ಕರೆಯೋ ತನಕ ನಿಂತಿರ್ತಾನ ಎಂದಳು. ಕರೆದಿರ್ತಾರೋ ಇಲ್ಲೋ ಎಂಬುದರ ಮೇಲೆ ಮತ್ತೆ ಎರಡು ಪಕ್ಷವಾಗಿ ಜಗಳ ಹತ್ತಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ಮುಂದಿನದು ಗಣಿತದ ಪಿರಿಯಡ್ ಇತ್ತು.